ಹಳಿ ಪಕ್ಕದ ಹಾಲುಗಂಬ

1999ನೇ ಇಸವಿ ಸೆಪ್ಟೆಂಬರ್ 6, ಸೋಮವಾರ. ಬನಶಂಕರಿಯಾಚೆಯ ಆ ಪೊಲೀಸ್ ಠಾಣೆಗೆ ಅಂದು ಬೆಳಗ್ಗೆ ಬಂದ ಮೊದಲ ದೂರು ಒಂದು ರೈಲಿನ ಮೇಲಿತ್ತು.

ದೂರುದಾರರ ಹೆಸರು ಕಾತ್ಯಾಯಿನಿ. ನಿವೃತ್ತ ಹೈಸ್ಕೂಲ್ ಮೇಡಂ. ಗಿರಿನಗರದ ಬಾಡಿಗೆ ಮನೆ ಬಿಟ್ಟು, ರಿಂಗ್ ರೋಡಿನಾಚೆ ಹೊಸದಾಗಿ ಎದ್ದ ಲೇಔಟಿನ ಕೊನೆಯ ಸಾಲಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದರು. ಹಿತ್ತಿಲ ಕಾಂಪೌಂಡು ದಾಟಿದರೆ ರೈಲು ಹಳಿ; ಹಳಿಯ ಗುಂಟ ನೀಲಗಿರಿ ತೋಪು; ತೋಪಿನ ತಿರುವು ದಾಟಿದ ಮೇಲೆ ಸಪ್ಪಲಮ್ಮನಪಾಳ್ಯಕ್ಕೆ ಹೋಗುವ ಮಣ್ಣುರಸ್ತೆಯೂ ಅದಕ್ಕೊಂದು ಲೆವೆಲ್ ಕ್ರಾಸಿಂಗ್ ಗೇಟೂ.

"ಯಾರ ಮೇಲೆ ಮೇಡಂ ಕಂಪ್ಲೇಂಟು?" ದಫೇದಾರ್ ದ್ಯಾಮಣ್ಣ ಪೆನ್ನಿನ ಮುಚ್ಚಳ ತೆಗೆದ.

"ಬೆಳಗಿನ ಪ್ಯಾಸೆಂಜರ್ ಮೇಲೆ."

ದ್ಯಾಮಣ್ಣ ಮುಚ್ಚಳ ಮತ್ತೆ ಹಾಕಿದ. "ಹಳಿ ಪಕ್ಕ ಮನೆ ಕಟ್ಟಿಸ್ಕೊಂಡ್ರೆ ರೈಲು ಕೂಗದೆ ಕೋಗಿಲೆ ಕೂಗುತ್ತಾ ಮೇಡಂ?"

"ನೀವು ನಮ್ಮ ಸ್ಕೂಲಲ್ಲಿ ಓದಿದ್ರೆ ಹೀಗೆಲ್ಲ ಮಾತಾಡ್ತಿರಲಿಲ್ಲ. ಮೂರು ವರ್ಷದಿಂದ ಅಲ್ಲೇ ಇದೀವಿ. ಮೊದಲು ಅದು ತೋಪಿನ ಆಚೆ, ಗೇಟಿನ ಹತ್ರ ಹೋಗಿ ಕೂಗ್ತಿತ್ತು. ಈಗೊಂದು ಹದಿನೈದು ದಿನದಿಂದ ನಮ್ಮ ಬೆಡ್‌ರೂಂ ಕಿಟಕಿಗೇ ಬಾಯಿಟ್ಟು ಕೂಗುತ್ತೆ. ನಮ್ಮ ಯಜಮಾನ್ರಿಗೆ ಬೈಪಾಸ್ ಆಗಿದೆ. ದಿನಾ ಬೆಚ್ಚಿಬಿದ್ದು ಏಳ್ತಾರೆ."

ಒಳಗಿನ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮೌನೇಶ ಕುಳಿತಿದ್ದರು. ಯಾದಗಿರಿ ಕಡೆಯವರು. ಚಿಕ್ಕಂದಿನಲ್ಲಿ ಊರ ಮಠದ ಕಟ್ಟೆಯ ಮೇಲೆ ಶ್ರಾವಣ ಪೂರ್ತಿ ಪುರಾಣ ಕೇಳಿ ಬೆಳೆದ ಮನುಷ್ಯ. ಪದ್ಯ ಓದುವವರು ಉಸಿರು ತೆಗೆದುಕೊಳ್ಳುವವರೆಗೆ ಮಿಸುಕಬಾರದೆಂಬುದು ಅಲ್ಲಿಯ ಮೊದಲ ಪಾಠ. ಆ ಅಭ್ಯಾಸ ಠಾಣೆಯಲ್ಲಿಯೂ ಉಳಿದುಕೊಂಡಿತ್ತು. ಕಾತ್ಯಾಯಿನಿ ಉಸಿರು ತೆಗೆದುಕೊಂಡ ಮೇಲೆ ಎದ್ದು ಹೊರಗೆ ಬಂದರು.

"ಎರಡೂ ಕಡೆಯ ರೈಲು ಹಾಗೆ ಕೂಗ್ತವಾ ಮೇಡಂ?"

"ಇಲ್ಲ. ಸಿಟಿ ಕಡೆಯಿಂದ ಬರೋವು ಮಾತ್ರ."

"ಸರಿ. ಬರೆದುಕೊಳ್ಳಿ ದ್ಯಾಮಣ್ಣ."

ದ್ಯಾಮಣ್ಣ ಸಾಹೇಬರ ಮುಖ ನೋಡಿದ. ಬರೆದುಕೊಂಡ.

ಬುಧವಾರ, ಸೆಪ್ಟೆಂಬರ್ 8, ಮಧ್ಯಾಹ್ನ ಹನ್ನೆರಡಕ್ಕೆ ಎರಡನೆಯ ದೂರು ಬಂತು. ತಂದವರು ರೈಲ್ವೆಯ ಜೂನಿಯರ್ ಎಂಜಿನಿಯರ್ ಹನಮಂತ. ಬಿಸಿಲಲ್ಲಿ ಹಳಿಯ ಮೇಲೆ ನಡೆದು ನಡೆದು ಮುಖ ಹಳಿಯ ಬಣ್ಣಕ್ಕೇ ತಿರುಗಿತ್ತು.

"ಸರ್, ನಮ್ಮದೊಂದು ಸೀಟಿ ಬೋರ್ಡ್ ಕಳುವಾಗೇತ್ರಿ. ಸಪ್ಪಲಮ್ಮನಪಾಳ್ಯದ ಗೇಟಿನ ಕಡೀದು."

"ಸೀಟಿ ಬೋರ್ಡ್ ಅಂದ್ರೆ?"

"ಹಳದಿ ತಗಡು, ಕಬ್ಬಿಣದ ಕಂಬ. ಗೇಟ್ ಬರೋದಕ್ಕ ಮುಂಚೆ ಹಳಿ ಬಾಜೂಕ ನಿಂದರಿಸಿರ್ತೀವ್ರಿ. ಅದನ್ನ ನೋಡಿದ ಕೂಡ್ಲೆ ಡ್ರೈವರ್ ಸೀಟಿ ಹೊಡೀಬೇಕು. ಹೊಡೀಲಿಲ್ಲಂದ್ರ ಅವನ ಮ್ಯಾಲೆ ಚಾರ್ಜ್‌ಶೀಟ್. ನಿನ್ನೆ ಗೇಟಿನ ಹಂತ್ಯಾಕ ಲೈನ್ ಮ್ಯಾಲೆ ಬಂದಾಗ ನೋಡಿದ್ನಿ, ಕಂಬ ನಿಂತಿದ್ದ ಕುಣಿ ಐತಿ, ಬೋರ್ಡ್ ಇಲ್ಲ. ರೈಲ್ವೆ ಪೊಲೀಸರ ಹಂತ್ಯಾಕ ಹೋದ್ರ, ಕಂಬ ರಸ್ತಾದ ಕಡೆ ಇತ್ತಲ್ಲ, ಸಿವಿಲ್ ಪೊಲೀಸರ ಹಂತ್ಯಾಕ ಹೋಗು ಅಂದ್ರು."

"ನಾವೂ ಹಾಗೇ ಅಂದ್ರೆ ಎಲ್ಲಿಗೆ ಹೋಗ್ತೀರಿ?"

"ಮನೀಗೆ ಹೋಗ್ತೀನ್ರಿ."

ಮೌನೇಶ ನಕ್ಕರು. ದೂರು ದಾಖಲಾಯಿತು. ಭಾರತೀಯ ದಂಡ ಸಂಹಿತೆಯ ಕಲಂ 379, ಜೊತೆಗೆ ರೈಲ್ವೆ ಕಾಯ್ದೆ. ಎಫ್‌ಐಆರ್ ಪ್ರತಿಗೆ ಹನಮಂತ ಸಹಿ ಹಾಕುವಾಗ ಮೌನೇಶ ಕೇಳಿದರು.

"ಡ್ರೈವರುಗಳು ಯಾರಾದ್ರೂ ಹೇಳಿದ್ರಾ, ಬೋರ್ಡ್ ಇಲ್ಲ ಅಂತ?"

"ಇಲ್ರೀ. ಎಲ್ಲಾರೂ ಸೀಟಿ ಹೊಡಕೋತನ ಹೊಂಟಾರ."

"ಬೋರ್ಡೇ ಇಲ್ಲ. ಏನನ್ನ ನೋಡಿ ಹೊಡೀತಾರೆ?"

ಹನಮಂತನ ಪೆನ್ನು ನಿಂತಿತು. ಮೂಲೆಯಲ್ಲಿದ್ದ ದ್ಯಾಮಣ್ಣ ಸೋಮವಾರದ ಪುಟವನ್ನು ತಾನಾಗಿಯೇ ತೆಗೆದು ಸಾಹೇಬರ ಮುಂದಿಟ್ಟ.

ಎರಡೂವರೆಗೆ, ಹನಮಂತನನ್ನೂ ಕೂರಿಸಿಕೊಂಡ ಜೀಪು ಕಾತ್ಯಾಯಿನಿಯವರ ಮನೆ ಮುಂದೆ ನಿಂತಿತು.

"ಹಿಡಿದ್ರಾ ರೈಲನ್ನ?" ಅವರು ಬಾಗಿಲಲ್ಲೇ ಕೇಳಿದರು.

"ನಿಮ್ಮ ಹಿತ್ತಿಲಲ್ಲಿ ಅಡಗಿಕೊಂಡಿರಬೇಕು ಅಂತ ಅನುಮಾನ ಮೇಡಂ," ಎಂದ ದ್ಯಾಮಣ್ಣ.

ಬೋರ್ಡು ಅಲ್ಲಿಯೇ ಇತ್ತು. ಕಾಂಪೌಂಡಿನಿಂದ ನಾಲ್ಕು ಮಾರು ಆಚೆ, ಸಿಟಿ ಕಡೆಯಿಂದ ಬರುವ ರೈಲಿಗೆ ಮುಖ ಮಾಡಿ, ತೂಗುಗುಂಡು ಬಿಟ್ಟು ನಿಲ್ಲಿಸಿದಂತೆ ನೆಟ್ಟಗೆ. ಕಳ್ಳಮಾಲು ಇಷ್ಟು ಮರ್ಯಾದೆಯಿಂದ ನಿಂತಿದ್ದನ್ನು ದ್ಯಾಮಣ್ಣ ತನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ. ಬುಡಕ್ಕೆ ಜಲ್ಲಿ ತುಂಬಿ, ಮಣ್ಣು ಬಡಿದು ಕೂರಿಸಿತ್ತು. ಆ ಮಣ್ಣಿನಲ್ಲಿ ಕಂಬದ ಸುತ್ತ ಒಂದು ಗೇಣೆತ್ತರ ಹಸಿರು.

ಮೌನೇಶ ಕುಕ್ಕರಗಾಲಿನಲ್ಲಿ ಕುಳಿತರು. ಹೆಸರು, ಅಲಸಂದೆ, ಹುರುಳಿ. ಒಂದೆರಡು ರಾಗಿ ಪೈರು. ಎಳೆಯ ಕಡಲೆ ಗಿಡವೊಂದು ಕಂಬಕ್ಕೆ ಒರಗಿತ್ತು. ಮಳೆಗೆ ತಾನಾಗಿ ಹುಟ್ಟಿದ ಕಳೆಯಲ್ಲ.

"ಸಾರ್, ಇಲ್ಲಿ ನೋಡಿ," ದ್ಯಾಮಣ್ಣ ಕಂಬದ ಹಿಂಬದಿಗೆ ಹೋಗಿ ನಿಂತಿದ್ದ. ಅವನ ದನಿ ತಗ್ಗಿತ್ತು. ಎದೆಮಟ್ಟದಲ್ಲಿ, ತಗಡಿನ ಮರೆಯಲ್ಲಿ, ಅರಿಶಿನದ ಬಟ್ಟೆಯ ಪುಟ್ಟ ಗಂಟು. ಒಣಗಿದ ಮಾವಿನೆಲೆ. ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು.

ದ್ಯಾಮಣ್ಣ ಕಾಲಿನ ಬೂಟನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡ. "ಇದು ಹಾಲುಗಂಬ ಸಾರ್."

"ಹಂಗಂದ್ರ?" ಹನಮಂತ ಕೇಳಿದ.

"ನಮ್ಮ ಕಡೆ ಮದುವೆ ಚಪ್ಪರಕ್ಕೆ ಮೊದಲನೇ ಕಂಬ ಇದು. ಗುಳಿಗೆ ಹಾಲು ತುಪ್ಪ ಬಿಟ್ಟು, ನವಧಾನ್ಯ ಹಾಕಿ, ಕಂಕಣ ಕಟ್ಟಿ ನೆಡೋದು. ಈ ಬೋರ್ಡನ್ನ ಕದ್ದೋನು ಹಾಗೆ ನೆಟ್ಟವ್ನೆ."

"ನಮ್ಮ ಕಡೆ ಹಂದರಗಂಬ ಅಂತೀವಿ," ಎಂದರು ಮೌನೇಶ. "ನಿಮ್ಮಲ್ಲಿ ಯಾರು ನೆಡ್ತಾರೆ?"

"ಹುಡುಗಿ ಸೋದರಮಾವ ಸಾರ್. ಬೇರೆಯವರು ಹಾರೆ ಮುಟ್ಟಂಗಿಲ್ಲ. ಮಾವ ಇಲ್ದಿದ್ರೆ ಮಾವನ ವರಸೆಯೋನನ್ನ ಹುಡುಕ್ಕೊಂಡು ಬರ್ತಾರೆ."

ಕಾತ್ಯಾಯಿನಿಯವರನ್ನೂ ಬೀದಿ ಕೊನೆಯ ಇಸ್ತ್ರಿ ಅಂಗಡಿಯವನನ್ನೂ ಪಂಚರನ್ನಾಗಿ ಕರೆಸಿ ಪಂಚನಾಮೆ ಬರೆಸಲಾಯಿತು. ಮುಗಿಯುವಾಗ ನಾಲ್ಕು ಗಂಟೆ. ಹನಮಂತ ಗ್ಯಾಂಗಿನವರನ್ನು ಕರೆಯಲು ಹೊರಟಿದ್ದ.

"ಇವತ್ತ ಕಿತ್ತು ಹಳೇ ಕುಣ್ಯಾಗ ನಿಂದರಿಸಿಬಿಡ್ತೀನ್ರಿ. ಮ್ಯಾಲಿನವರಿಗೆ ಗೊತ್ತಾದ್ರ ನನಗ ತ್ರಾಸು."

"ಬೇಡ. ತನಿಖೆ ಆಗ್ಲಿ. ಅಲ್ಲಿವರೆಗೆ ಯಾರೂ ಮುಟ್ಟಬಾರದು."

"ಮುಟ್ಟಲೂಬಾರದು," ದ್ಯಾಮಣ್ಣ ತನ್ನಷ್ಟಕ್ಕೆ ಅಂದ. "ಹಾಲುಗಂಬ ನೆಟ್ಟ ಮೇಲೆ ಮದುವೆ ಮುಗಿದು ಕಂಕಣ ಬಿಚ್ಚೋವರೆಗೆ ಅದನ್ನ ಅಲುಗಾಡಿಸಬಾರದು."

ಆಗ ತೋಪಿನ ಈಚೆ ಸಂಜೆಯ ರೈಲು ಕಾಣಿಸಿತು. ಹಳದಿ ತಗಡನ್ನು ಕಂಡು ನಂಬಿಗಸ್ತ ಪ್ರಾಣಿಯಂತೆ ಉದ್ದಕ್ಕೆ ಕೂಗಿತು. ಮನೆಯೊಳಗಿಂದ ಒಬ್ಬರು ಕೆಮ್ಮಿದರು.

"ಕೇಳಿಸ್ತಾ?" ಎಂದರು ಕಾತ್ಯಾಯಿನಿ. "ಅದು ನಮ್ಮ ಯಜಮಾನ್ರು."

ಬೋರ್ಡಿನಿಂದ ಯಾರಿಗೆ ಏನು ಲಾಭ? ಕದ್ದವನು ಕಬ್ಬಿಣ ಮಾರಿಲ್ಲ. ಹಠಕ್ಕೆ ಮುರಿದಿಲ್ಲ. ರೈಲು ಸ್ವಲ್ಪ ಮೊದಲೇ ಕೂಗುವಂತೆ ಮಾಡಿದ್ದಾನೆ, ಅಷ್ಟೆ. ರೈಲು ಮೊದಲೇ ಕೂಗುವುದು ಯಾರಿಗೆ ಬೇಕಿತ್ತು? ಈ ಪ್ರಶ್ನೆ ಇಟ್ಟುಕೊಂಡು ಗುರುವಾರ, ಸೆಪ್ಟೆಂಬರ್ 9, ಬೆಳಗ್ಗೆ ಮೌನೇಶ ಮತ್ತು ದ್ಯಾಮಣ್ಣ ಸಾದಾ ಬಟ್ಟೆಯಲ್ಲಿ ಸಪ್ಪಲಮ್ಮನಪಾಳ್ಯದ ಗೇಟಿಗೆ ಹೋದರು. ಪಾಳ್ಯದ ಕಡೆ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕುಳಿತರು.

ಗೇಟಿಗೆ ಎರಡು ತೋಳು. ಪಾಳ್ಯದ ಕಡೆಯದು ಗೇಟ್‌ಮನ್ ಕೂರುವ ಪುಟ್ಟ ಗುಮಟಿಯ ಪಕ್ಕದಲ್ಲೇ. ಚಕ್ರ ತಿರುಗಿಸಿದರೆ ಇಳಿಯುತ್ತದೆ. ಲೇಔಟಿನ ಕಡೆಯದು ಹಳಿಯ ಆಚೆ. ಅದೇ ಚಕ್ರಕ್ಕೆ ತಂತಿಹಗ್ಗದಿಂದ ಜೋಡಿಸಿದ ಆ ತೋಳು ಈಗ ಆಕಾಶ ನೋಡುತ್ತ ನಿಂತಿತ್ತು. ತುಕ್ಕು ಹಿಡಿದು ಕಡಿದ ತಂತಿ ಹಳಿ ಪಕ್ಕದ ಹುಲ್ಲಿನಲ್ಲಿ ಬಿದ್ದಿತ್ತು. ತೋಳಿನ ತುದಿಗೆ ಯಾರೋ ಸೇದುವ ಹಗ್ಗ ಕಟ್ಟಿದ್ದರು.

"ಎಷ್ಟು ದಿನ ಆಯ್ತು ಕೆಟ್ಟು?" ಮೌನೇಶ ಟೀ ಅಂಗಡಿಯವನನ್ನು ಕೇಳಿದರು.

"ಯುಗಾದಿಯಿಂದ ಹಿಂಗೇ. ಬರ್ತಾರೆ, ಟೇಪ್ ಹಿಡೀತಾರೆ, ನನ್ ಹತ್ರ ಟೀ ಕುಡೀತಾರೆ, ಹೋಗ್ತಾರೆ. ನಂಗೇನೋ ವ್ಯಾಪಾರ ಆಯ್ತು."

"ಫೋನ್ ಬರಲ್ವಾ ಸ್ಟೇಷನ್ನಿಂದ, ರೈಲು ಬಿಟ್ವಿ ಅಂತ?"

"ಅದು ಒಂದು ಹನಿ ಮಳೆ ಬಿದ್ರೆ ಮೂಗು ಕಟ್ಟಿಕೊಳ್ಳುತ್ತೆ. ರೈಲು ಕೂಗಿದ್ರೇ ಸಮಾಚಾರ."

ತೋಪಿನ ಆಚೆ ರೈಲು ಕೂಗಿತು.

ಗುಮಟಿಯಿಂದ ಗೇಟ್‌ಮನ್ ಬೈಲಪ್ಪ ಹೊರಬಂದ. ಐವತ್ತರ ಮೇಲಿನ ಆಳು. ಚಕ್ರ ಹಿಡಿದು ತಿರುಗಿಸತೊಡಗಿದ. ತಿರುಗಿಸುತ್ತ ಆರತಿಯ ಪದವೊಂದನ್ನು ಎತ್ತಿಕೊಂಡ. ದನಿ ದೊಡ್ಡದಲ್ಲ, ಆದರೆ ಚಕ್ರದ ಸುತ್ತಿಗೂ ಪದದ ತಾಳಕ್ಕೂ ಒಂದೇ ನಡೆ. ಆಗಲೇ ಗುಮಟಿಯ ಹಿಂದಿನ ಮನೆಯಿಂದ ಒಬ್ಬ ಹುಡುಗಿ ಓಡಿ ಬಂದಳು. ಇಪ್ಪತ್ತರೊಳಗಿನ ವಯಸ್ಸು, ಕಾಲೇಜಿಗೆ ಹೊರಟ ಚೂಡಿದಾರ್, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಹಳಿ ದಾಟಿ ಆ ಕಡೆ ಹೋಗಿ ಹಗ್ಗ ಹಿಡಿದು ಜೋತುಬಿದ್ದಳು. ತೋಳು ಮೆಲ್ಲಗೆ ಬಾಗಿತು.

"ಅಕ್ಕಾ, ಒಂದ್ ನಿಮಿಷ," ಸ್ಕೂಟರಿನವನೊಬ್ಬ ತೋಳಿನ ಕೆಳಗೆ ನುಸುಳಲು ನೋಡಿದ.

"ನಿಮ್ಮ ಒಂದ್ ನಿಮಿಷಕ್ಕೆ ನಾನು ಜವಾಬ್ದಾರಿ ಅಲ್ಲ ಅಣ್ಣ. ಹಿಂದಕ್ಕೆ ಹೋಗಿ."

ಹೋದ. ಅವಳು ತೋಳಿಗೆ ಕೊಕ್ಕೆ ಹಾಕಿ, ಮಾರು ದೂರ ಸರಿದು, ದುಪಟ್ಟಾ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತಳು. ಬೈಲಪ್ಪನ ಪದ ಇನ್ನೂ ನಡೆದಿತ್ತು. ನಿಧಾನವಾಗಿ ಕೊನೆಯ ನುಡಿಗೆ ಬಂದು, ಮಂಗಳವನ್ನು ಎರಡು ಸಲ ಹೇಳಿ ಮುಗಿಸಿತು. ಆಮೇಲೆ ರೈಲು ಬಂತು.

ಮೌನೇಶ ಟೀ ಲೋಟ ಕೆಳಗಿಟ್ಟರು. ರೈಲು ಹೋದ ಮೇಲೆ ಗುಮಟಿಗೆ ಹೋಗಿ ಪರಿಚಯ ಹೇಳಿಕೊಂಡರು. ಬೈಲಪ್ಪ ಎದ್ದು ನಿಂತ. ಹುಡುಗಿ ಹಳಿ ದಾಟಿ ಬಂದು ಅಪ್ಪನ ಪಕ್ಕ ನಿಂತಳು.

"ಚೆನ್ನಾಗಿ ಹೇಳ್ತೀರಿ ಪದ."

"ನಮ್ಮನೆಯವಳು ಕಲಿಸಿದ್ದು ಸಾರ್. ಅಣ್ಣಮ್ಮ. ತೀರಿಹೋಗಿ ಆರು ವರ್ಷ ಆಯ್ತು."

"ದಿನಾ ಪೂರ್ತಿ ಹೇಳ್ತೀರಾ, ರೈಲು ಬರೋದರೊಳಗೆ?"

ಬೈಲಪ್ಪನ ಮುಖ ಬೆಳಗಿತು. "ಮೊದಲು ಆಗ್ತಿರಲಿಲ್ಲ ಸಾರ್. ಎರಡನೇ ನುಡಿಗೇ ಬಂದ್ಬಿಡ್ತಿತ್ತು. ಹಳಿ ಅಗಲ ಮಾಡಿದ ಮೇಲೆ ರೈಲಿಗೆ ಸ್ಪೀಡು ಜಾಸ್ತಿ ಆಯ್ತು ನೋಡಿ. ಬೋರ್ಡ್ ಮಾತ್ರ ಆ ತಿರುವಿನಲ್ಲಿ ಹಳೇ ಜಾಗದಲ್ಲೇ ಐತೆ. ಕೂಗ್ತು ಅನ್ನೋದರೊಳಗೆ ಮೈಮೇಲೆ. ಈಗ ಪದ ಮುಗಿದ್ರೂ ಟೈಂ ಇರುತ್ತೆ. ನಮ್ಮನೆಯವಳೇ ರೈಲನ್ನ ತಡೆದು ನಿಲ್ಲಿಸ್ತವ್ಳೆ ಅಂದ್ಕೊಂಡೆ ಸಾರ್."

"ಯಾವಾಗಿಂದ ಹೀಗೆ?"

"ವರಮಾಲಕ್ಷ್ಮಿ ಹಬ್ಬ ಆದ್ಮೇಲೆ."

ಗೇಣೆತ್ತರದ ಹೆಸರು ಗಿಡಕ್ಕೂ ಅಷ್ಟೇ ವಯಸ್ಸು. ಬೋರ್ಡು ಜಾಗ ಬದಲಿಸಿದ್ದು ಬೈಲಪ್ಪನಿಗೆ ಗೊತ್ತಿಲ್ಲ ಎಂಬುದು ಮೌನೇಶರಿಗೆ ಸ್ಪಷ್ಟವಾಯಿತು. ತಿಳಿದವನು ಇಷ್ಟು ಸಂತೋಷದಿಂದ ಹೇಳುವುದಿಲ್ಲ. ಅವರು ಹುಡುಗಿಯ ಕಡೆ ತಿರುಗಿದರು.

"ನಿನ್ನ ಹೆಸರೇನಮ್ಮ?"

"ತೇಜಸ್ವಿನಿ. ಜಯನಗರದಲ್ಲಿ ಬಿ.ಕಾಂ. ಸೆಕೆಂಡ್ ಇಯರ್ ಸಾರ್."

"ಅಪ್ಪನ ಕೆಲಸ ನೀನು ಮಾಡಬಾರದು ಅಂತ ಗೊತ್ತಾ?"

"ಅಪ್ಪ ಈ ಕಡೆ ಚಕ್ರ ತಿರುಗಿಸಿ ಆ ಕಡೆ ಓಡೋದರೊಳಗೆ ರೈಲು ಬರ್ತಿತ್ತು ಸಾರ್. ಎರಡು ಆಳಿನ ಕೆಲಸ ಇದು. ಒಬ್ಬರನ್ನೇ ಹಾಕಿದಾರೆ. ಸಾಯಂಕಾಲ ನಾನು ಬರೋವರೆಗೆ ಟೀ ಅಂಗಡಿ ಅಣ್ಣ ಎಳೀತಾರೆ."

"ನಿನ್ನ ಸೋದರಮಾವ ಯಾರು?"

ರೈಲು ಬೇಗ ಕೂಗುವಂತೆ ಮಾಡಿದ್ದು ಯಾರೆಂದು ಹುಡುಗಿಗೂ ಗೊತ್ತಿರಲಿಲ್ಲ, ಆದರೆ ಆ ಕ್ಷಣದಲ್ಲಿ ಗೊತ್ತಾಯಿತು. ಅವಳು ಅಪ್ಪನ ಕಡೆ ನೋಡಿದಳು.

"ಸಿದ್ದರಾಜು ಅಂತ," ಬೈಲಪ್ಪನೇ ಹೇಳಿದ. "ತಿಲಕ್ ನಗರದಲ್ಲಿ ಶಾಮಿಯಾನ ಅಂಗಡಿಲಿ ಕೆಲಸ. ಯಾಕೆ ಸಾರ್? ಏನಾಯ್ತು ಅವನಿಗೆ?"

ಸಿದ್ದರಾಜು ತಿಲಕ್ ನಗರದ ಅಂಗಡಿಯ ಹಿಂದೆ ಶಾಮಿಯಾನದ ಬಟ್ಟೆ ಮಡಿಚುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಮಡಿಚುತ್ತಿದ್ದುದನ್ನು ಪೂರ್ತಿ ಮಡಿಚಿ, ದಾರ ಕಟ್ಟಿ, ಮೇಲೆ ಕೈಯಾಡಿಸಿ, "ನಡೀರಿ ಸಾರ್," ಅಂದ. ನಲವತ್ತೆರಡು ವರ್ಷ, ಮದುವೆಯಿಲ್ಲ, ಹಾರೆ ಹಿಡಿದು ಗಟ್ಟಿಯಾದ ಅಂಗೈ.

ಠಾಣೆಯಲ್ಲಿ ಹನ್ನೆರಡೂವರೆಗೆ ವಿಚಾರಣೆ ಶುರುವಾಯಿತು.

"ಬೋರ್ಡ್ ಕಿತ್ತಿದ್ದು ಯಾರು?"

"ನಾನೇ."

"ಯಾರ್ಯಾರಿದ್ರು ಜೊತೆಗೆ?"

"ಒಬ್ಬನೇ. ಶಾಮಿಯಾನದ ಕಂಬಕ್ಕಿಂತ ಸ್ವಲ್ಪ ಭಾರ, ಅಷ್ಟೇ ಸಾರ್."

"ಯಾವಾಗ?"

"ಹಬ್ಬ ಆದ ಭಾನುವಾರ. ಮಧ್ಯಾಹ್ನ."

"ಹಗಲಲ್ಲಿ? ಯಾರೂ ಕೇಳಲಿಲ್ವಾ?"

"ಖಾಕಿ ಶರ್ಟ್ ಹಾಕ್ಕೊಂಡಿದ್ದೆ. ಕೈಯಲ್ಲಿ ಹಾರೆ ಇತ್ತು. ರೈಲ್ವೆಯವರು ಕೊನೆಗೂ ಬಂದ್ರಲ್ಲಪ್ಪ ಅಂತ ಒಬ್ಬರು ಖುಷಿಪಟ್ರು."

ದ್ಯಾಮಣ್ಣ ಬರೆಯುವುದನ್ನು ನಿಲ್ಲಿಸಿ ತುಟಿ ಕಚ್ಚಿಕೊಂಡ.

"ಗುಳಿಗೆ ಹಾಲು ಎಲ್ಲಿಂದ ತಂದೆ?"

"ತುಪ್ಪ, ಧಾನ್ಯ ಎಲ್ಲಾ ಕಟ್ಕೊಂಡು ಹೋಗಿದ್ದೆ. ಹಾಲು ಮರೆತಿದ್ದೆ ಸಾರ್. ಆ ಹಿಂದಿನ ಮನೆ ಅಮ್ಮನ್ನ ಕೇಳ್ದೆ. ಒಂದು ಲೋಟ ಕೊಟ್ರು. ಸಕ್ಕರೆ ಬೇರೆ ಹಾಕಿದ್ರು."

ಈ ಮಾತನ್ನು ಖಚಿತಪಡಿಸಿಕೊಳ್ಳಲು ಅಂದೇ ಮಧ್ಯಾಹ್ನ ಕಾತ್ಯಾಯಿನಿಯವರ ಹೇಳಿಕೆ ಪಡೆಯಲಾಯಿತು. "ಕೊಟ್ಟೆ. ರೈಲ್ವೆ ಆಳು ಅಂದ್ಕೊಂಡಿದ್ದೆ. ಬಿಸಿಲಲ್ಲಿ ಬೆವರ್ತಿದ್ದ, ಕುಡಿಯೋಕೆ ಅಂದ್ಕೊಂಡೆ. ಲೋಟ ತೊಳೆದು ವಾಪಸ್ ಕೊಟ್ಟ," ಅಂದರು. ಹೇಳಿಕೆಗೆ ಸಹಿ ಹಾಕುತ್ತ, "ಹಾಗಾದ್ರೆ ಇದರಲ್ಲಿ ನಂದೂ ಪಾಲಿದೆ ಅನ್ನಿ."

ಠಾಣೆಯಲ್ಲಿ ಮೌನೇಶ ಕೊನೆಯ ಪ್ರಶ್ನೆಗೆ ಬಂದಿದ್ದರು.

"ಯಾಕೆ ಮಾಡ್ದೆ?"

ಅಲ್ಲಿಯವರೆಗೆ ತಡೆಯಿಲ್ಲದೆ ಉತ್ತರಿಸಿದ್ದ ಸಿದ್ದರಾಜು ಈಗ ನೆಲ ನೋಡಿದ.

"ಸುಮ್ನೆ ಮಾಡ್ದೆ ಅಂತ ಬರ್ಕೊಳ್ಳಿ."

"ಸುಮ್ಮನೆ ಯಾರೂ ಹಾಲುಗಂಬ ನೆಡಲ್ಲ."

"ಆ ಮಗು ಹೆಸರು ಬರಬಾರದು ಸಾರ್. ಅವಳು ಗೇಟ್ ಎಳೀತಾಳೆ ಅಂತ ಗೊತ್ತಾದ್ರೆ ನಮ್ಮ ಬಾವನ ಕೆಲಸ ಹೋಗುತ್ತೆ. ಅವರ ಅನ್ನ ಅದು."

ಮೌನೇಶ ದ್ಯಾಮಣ್ಣನಿಗೆ ಕಣ್ಣಲ್ಲೇ ಪೆನ್ನು ಕೆಳಗಿಡಲು ಹೇಳಿದರು. ಫ್ಯಾನು ಕಟಕಟ ಎನ್ನುತ್ತಿತ್ತು. ಸಿದ್ದರಾಜು ತಾನಾಗಿ ಶುರುಮಾಡಿದ.

"ಹಬ್ಬಕ್ಕೆ ಮುಂಚಿನ ದಿನ ಸಾರ್. ಅವಳಿಗೆ ಹೂವು, ಬಳೆ ತಗೊಂಡು ಹೋಗಿದ್ದೆ. ಅಕ್ಕ ಹೋದ ಮೇಲೆ ಅದು ನಂದೇ ಕೆಲಸ. ನಾನು ಪಾಳ್ಯದ ಕಡೆ ಇಳ್ದೆ. ಅವಳು ಆ ಕಡೆ ತೋಳು ಎಳೀತಿದ್ಲು. ಕೊಕ್ಕೆಗೆ ಅವಳ ದುಪಟ್ಟಾ ಸಿಕ್ಕಾಕ್ಕೊಳ್ತು. ಬಿಡಿಸ್ಕೊಳ್ಳೋಕೆ ಹೋಗಿ ಕಾಲು ಜಾರಿ ಹಳಿ ಕಡೆಗೆ ಬಿದ್ಲು. ಅಷ್ಟರೊಳಗೆ ರೈಲು ಬಂತು. ಕೂಗಿದ್ದೂ ಬಂದಿದ್ದೂ ಒಂದೇ ಆಯ್ತು ಸಾರ್."

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಾನು ಈ ಕಡೆ, ಅವಳು ಆ ಕಡೆ, ನಡುವೆ ರೈಲು. ಅವಳು ಇದಾಳೋ ಇಲ್ವೋ, ಕೊನೇ ಬೋಗಿ ಹೋಗೋವರೆಗೆ ನನಗೆ ಗೊತ್ತಿಲ್ಲ. ಅಷ್ಟು ಬೋಗಿ ಯಾವ ರೈಲಿಗೂ ಇರಲ್ಲ ಸಾರ್. ಹೋಯ್ತು. ನೋಡಿದ್ರೆ ಎದ್ದು ನಿಂತು ಮಂಡಿ ಉಜ್ಜಿಕೊಳ್ತಾ ನಗ್ತವ್ಳೆ. ಅಪ್ಪಂಗೆ ಹೇಳ್ಬೇಡ ಮಾವ ಅಂತಾಳೆ. ಹೂವಿನ ಪೊಟ್ಟಣ ನನ್ ಕೈಲೇ ಹಿಂಡಿಹೋಗಿತ್ತು."

"ರೈಲ್ವೆಯವರಿಗೆ ಹೇಳ್ಬೇಕಿತ್ತು."

"ಬಾವ ಎಷ್ಟು ಸಲ ಹೇಳಿದಾರೆ. ಗೇಟ್ ರಿಪೇರಿ ನನ್ ಕೈಲಿ ಆಗಲ್ಲ ಸಾರ್, ಆ ವೈರು ನನಗೆ ಸಿಗಲ್ಲ. ಕಂಬ ನೆಡೋದು ಬರುತ್ತೆ."

"ಹಾಲು, ಧಾನ್ಯ, ಅದೆಲ್ಲ ಯಾಕೆ? ಅದೇ ನಿನ್ನ ಹಿಡಿದುಕೊಟ್ಟಿದ್ದು."

ಸಿದ್ದರಾಜು ಮೊದಲ ಬಾರಿ ತಲೆಯೆತ್ತಿದ. ಈ ಪ್ರಶ್ನೆ ಅವನಿಗೆ ನಿಜಕ್ಕೂ ವಿಚಿತ್ರವಾಗಿ ಕೇಳಿಸಿರಬೇಕು.

"ಅವಳ ಮದುವೆಗೆ ಹಾಲುಗಂಬ ನೆಡಬೇಕಾದೋನು ನಾನು ಸಾರ್. ಅವಳ ಹೆಸರಲ್ಲಿ ಒಂದು ಕಂಬ ನೆಡ್ತಾ, ಬರೀ ಕೈಯಲ್ಲಿ ನೆಡೋದಾ?"

ಸಂಜೆ ಐದು ಗಂಟೆಗೆ ಸಿದ್ದರಾಜುವನ್ನು ದಸ್ತಗಿರಿ ಮಾಡಿದ್ದಾಗಿ ದಾಖಲಾಯಿತು. ಹನಮಂತನಿಗೆ ಹೇಳಿಕಳಿಸಲಾಯಿತು. ಅವನು ಬಂದವನೇ ಆರೋಪಿಯನ್ನು ಒಂದು ಸಲ, ಮೌನೇಶರನ್ನು ಒಂದು ಸಲ ನೋಡಿದ.

"ಇನ್ನ ಬೋರ್ಡ್ ಒಯ್ಯಬಹುದೇನ್ರಿ?"

ಬೆಂಚಿನ ಮೇಲಿದ್ದ ಸಿದ್ದರಾಜು ಎದ್ದು ನಿಂತ. "ನನ್ನ ಎಲ್ಲಿ ಬೇಕಾದ್ರೂ ಹಾಕಿ ಸಾರ್. ಕಂಬ ಮಾತ್ರ ಕೀಳಬೇಡಿ. ಗೇಟ್ ರಿಪೇರಿ ಆಗೋವರೆಗಾದ್ರೂ."

"ನೀನ್ ಕೂತ್ಕೋ," ಎಂದ ದ್ಯಾಮಣ್ಣ, ಮೆತ್ತಗೆ.

ಮೌನೇಶ ಹನಮಂತನಿಗೆ ಕುರ್ಚಿ ತೋರಿಸಿದರು. "ಒಯ್ಯೋದಕ್ಕೆ ಬರಂಗಿಲ್ರಿ. ಅದೀಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ಪಂಚನಾಮೆಯಲ್ಲಿ ಎಲ್ಲಿ ಸಿಕ್ತು, ಹೇಗೆ ಸಿಕ್ತು ಅಂತ ಬರೆದಿದೀವಿ. ಜಡ್ಜ್ ಸಾಹೇಬರು ನಾಳೆ ಜಾಗ ನೋಡ್ತೀನಿ ಅಂದ್ರೆ ನಾನು ಏನು ತೋರಿಸ್ಲಿ? ಇದ್ದಲ್ಲೇ ನಿಮ್ಮ ಸುಪರ್ದಿಗೆ ಕೊಡ್ತೀನಿ. ಕೋರ್ಟಿನ ಅಪ್ಪಣೆ ಇಲ್ಲದೆ ಕದಲಿಸಬಾರದು."

"ಕೋರ್ಟಿನ ಅಪ್ಪಣೆ ಅಂದ್ರ... ವರ್ಷ ಹಿಡೀತೈತಲ್ರೀ."

"ಹಿಡಿಯುತ್ತೆ."

"ಹಳೇ ಜಾಗಕ್ಕ ಇನ್ನೊಂದು ಬೋರ್ಡ್ ಹಾಕಿಸಬಹುದಲ್ಲ?"

"ಹಾಕಿಸ್ರಿ. ಯಾವಾಗ ಬರುತ್ತೆ?"

ಹನಮಂತ ಲೆಕ್ಕ ಹಾಕಿದ. ಯುಗಾದಿಯಿಂದ ತಂತಿಹಗ್ಗಕ್ಕೆ ತಾನೇ ಬರೆದ ಕಾಗದಗಳ ಗತಿ ಅವನಿಗೆ ನೆನಪಾಗಿರಬೇಕು. ಮುಖ ಮೇಲೆತ್ತಿದಾಗ ಕಣ್ಣಲ್ಲಿ ತಿಳಿದವನ ಸಣ್ಣ ನಗೆಯಿತ್ತು.

"ತಡಾ ಆಗತೈತ್ರಿ ಸರ್."

"ಎರಡು ಬೋರ್ಡ್ ಇದ್ರೂ ತಪ್ಪೇನಿಲ್ಲ. ಎರಡು ಸಲ ಕೂಗುತ್ತೆ. ಇನ್ನೊಂದು. ಗೇಟಿನ ತೋಳು ಕೆಟ್ಟು ಎಷ್ಟು ದಿನ ಆಯ್ತು, ಫೋನ್ ಎಷ್ಟು ದಿನದಿಂದ ಇಲ್ಲ, ಎರಡಾಳಿನ ಜಾಗಕ್ಕೆ ಎಷ್ಟು ಆಳು ಇದಾರೆ, ನೀವು ಸಾಕ್ಷಿ ಹೇಳಿಕೆ ಕೊಡಬೇಕು. ಕೇಸ್ ನಂಬರ್ ಹಾಕ್ಕೊಂಡು ನೀವೂ ಮೇಲಕ್ಕೆ ಒಂದು ಕಾಗದ ಬರೀರಿ."

"ಕೇಸ್ ನಂಬರ್ ಹಾಕಿ ಬರದ್ರ," ಎಂದ ಹನಮಂತ ನಿಧಾನವಾಗಿ, "ಓದ್ತಾರ್ರಿ."

ಶುಕ್ರವಾರ, ಸೆಪ್ಟೆಂಬರ್ 10. ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು ಆರೋಪಿಯನ್ನು ಕರೆದೊಯ್ದು, ಬೋರ್ಡು ಕಿತ್ತ ಜಾಗವನ್ನು ಅವನಿಂದಲೇ ತೋರಿಸಿಕೊಂಡು ಇನ್ನೊಂದು ಪಂಚನಾಮೆ ಮಾಡಬೇಕಿತ್ತು. ಬೆಳಗ್ಗೆ ಬೇಗ ಅದು ಮುಗಿಯಿತು. ಜೀಪು ಪಾಳ್ಯದ ಕಡೆಯಿಂದ ತಿರುಗಿ ಗೇಟಿಗೆ ಬರುವಾಗ ತೋಪಿನ ಆಚೆ, ಬಹಳ ದೂರದಲ್ಲಿ, ರೈಲು ಕೂಗಿತು.

"ನಿಲ್ಲಿಸು," ಎಂದರು ಮೌನೇಶ, ಡ್ರೈವರ್ ಹೇಗೂ ನಿಲ್ಲಿಸುತ್ತಿದ್ದರೂ.

ಬೈಲಪ್ಪ ಜೀಪಿನಲ್ಲಿ ಯಾರಿದ್ದಾರೆಂದು ನೋಡಿದ. ಒಂದು ಕ್ಷಣ ಕೈ ಚಕ್ರದ ಮೇಲೆ ನಿಂತಿತು. ಆಮೇಲೆ ತಿರುಗಿಸತೊಡಗಿದ. ಇಂದು ಪದ ಎತ್ತಿಕೊಳ್ಳಲಿಲ್ಲ. ಹಳಿಯ ಆಚೆ ತೇಜಸ್ವಿನಿ ಹಗ್ಗಕ್ಕೆ ಜೋತುಬಿದ್ದಿದ್ದಳು. ತೋಳು ಇಳಿಯಿತು. ಕೊಕ್ಕೆ ಹಾಕಿ, ಹಿಂದೆ ಸರಿದು, ತಿರುಗಿದಾಗ ಮಾವನನ್ನು ಕಂಡಳು.

ರೈಲು ಇನ್ನೂ ಬಂದಿರಲಿಲ್ಲ.

ಜೀಪಿನ ಹಿಂಬದಿಯಲ್ಲಿ ಸಿದ್ದರಾಜು, ದ್ಯಾಮಣ್ಣನ ಪಕ್ಕ, ಅಕ್ಕನ ಪದವನ್ನು ಮೂಗಿನಲ್ಲೇ ಗುನುಗಲು ಶುರುಮಾಡಿದ್ದ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಆದರೂ ಒಂದು ನುಡಿಯಾಗಿ ಎರಡನೆಯದಕ್ಕೆ ಬಂದ. ಎರಡನೆಯದನ್ನು ದಾಟಿದ. ಬೈಲಪ್ಪ ಗುಮಟಿಯ ಬಳಿಯಿಂದ ಅದನ್ನು ಕೇಳಿ ದನಿಗೂಡಿಸಿದ. ಐದನೆಯ ನುಡಿಯೂ ಮುಗಿದು ಮಂಗಳವಾಯಿತು. ಆಮೇಲೂ ಒಂದಿಷ್ಟು ನಿಶ್ಶಬ್ದ ಉಳಿದಿತ್ತು. ಅದರಲ್ಲಿ ಮಾವ, ಸೋದರಸೊಸೆ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ರೈಲು ಅವರ ನಡುವೆ ಹಾದುಹೋಯಿತು. ಕೊನೆಯ ಬೋಗಿ ದಾಟಿದಾಗ ಅವಳು ನಿಂತಲ್ಲೇ ಇದ್ದಳು.

ಸಿದ್ದರಾಜುವಿಗೆ ಮರುದಿನವೇ ಜಾಮೀನು ಸಿಕ್ಕಿತು. ತಂತಿಹಗ್ಗ ದಸರೆಯ ಹೊತ್ತಿಗೆ ಬಂತು, ಎರಡನೆಯ ಗೇಟ್‌ಮನ್ ದೀಪಾವಳಿಗೆ. ಹೊಸ ಬೋರ್ಡು ಬರಲೇ ಇಲ್ಲ. ಕಾತ್ಯಾಯಿನಿ ತಮ್ಮ ದೂರನ್ನು ಹಿಂದಕ್ಕೆ ಪಡೆಯಲು ಬಂದವರು, ಯಜಮಾನರು ಈಗ ರೈಲು ಕೂಗುವ ಮೊದಲೇ ಎದ್ದು ಕೂತಿರುತ್ತಾರೆ, ಅದೊಂದು ಹೊಸ ತಲೆನೋವು ಎಂದು ಹೇಳಿ ಸಹಿ ಹಾಕಿ ಹೋದರು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದ ಕಡೆ ಮೌನೇಶ ಗುರುವಾರ ಸಂಜೆ ಬಹಳ ಹೊತ್ತು ಕುಳಿತಿದ್ದರು. ಹುಡುಗಿಯ ಹೆಸರು ಹಾಕಲಿಲ್ಲ. ಅವರು ಬರೆದದ್ದು ಇಷ್ಟು: "ಆರೋಪಿಯು ಸದರಿ ಫಲಕವನ್ನು ಸ್ವಂತ ಲಾಭಕ್ಕಾಗಿ ಕಿತ್ತಿರುವುದಿಲ್ಲ. ಕೆಟ್ಟುಹೋದ ಗೇಟಿನಲ್ಲಿ ಹಳಿ ದಾಟುವವರ ಪೈಕಿ ಒಬ್ಬರಿಗೆ ಆತನು ಸೋದರಮಾವನಾಗಬೇಕು."